ಕಿಲ್ಟ್ ಉಟ್ಟಾಗ ತಲೆಗೆ ಏನು? ಗ್ಲೆನ್‌ಗ್ಯಾರಿ, ಬಾಲ್ಮೋರಲ್, ಟ್ಯಾಮ್, ಟ್ವೀಡ್ ಕ್ಯಾಪ್

ಸ್ಕಾಟ್ಲೆಂಡಿನಲ್ಲಿ ಮದುವೆಗೆ ಅಂತ ಕಿಲ್ಟ್ (ಇಲ್ಲಿನ ಗಂಡಸರು ಉಡುವ ಚೌಕಳಿಯ ನಿರಿಗೆ ಲಂಗ) ಬಾಡಿಗೆಗೆ ತಂದರೆ ಜಾಕೆಟ್ಟು, ಸೊಂಟದ ಮುಂದೆ ತೂಗುವ ಸ್ಪೊರನ್ ಚೀಲ, ಉದ್ದ ಸಾಕ್ಸು, ಬೂಟು, ಸಾಕ್ಸಿಗೆ ಸಿಕ್ಕಿಸುವ ಪುಟ್ಟ ಚೂರಿ ಎಲ್ಲಾ ಒಟ್ಟಿಗೆ ಬರುತ್ತವೆ. ಟೋಪಿ ಮಾತ್ರ ಸಾಮಾನ್ಯವಾಗಿ ಬರುವುದಿಲ್ಲ. ಅದಕ್ಕೆ ಕಾರಣವೂ ಇದೆ. ಊಟ, ಕುಣಿತ ಎಲ್ಲಾ ಒಳಗೆ ನಡೆಯುತ್ತದೆ, ಒಳಗೆ ಬಂದ ಗಂಡಸರು ಟೋಪಿ ತೆಗೆಯುವುದು ಇಲ್ಲಿನ ರೂಢಿ. ಪ್ರಿನ್ಸ್ ಚಾರ್ಲಿ ಅನ್ನುವ ಗಿಡ್ಡ ಕಪ್ಪು ಜಾಕೆಟ್ಟು ಹಾಕಿಕೊಂಡು ಸಂಜೆ ಪಾರ್ಟಿಗೆ ಹೊರಟವರು ಬರಿತಲೆಯಲ್ಲೇ ಹೋಗುತ್ತಾರೆ. ಬ್ಯಾಗ್‌ಪೈಪ್ ಊದುವವರಿಗೆ ಮಾತ್ರ ಒಳಗೂ ಟೋಪಿ ನಡೆಯುತ್ತದೆ.

ಹಾಗಾದರೆ ಟೋಪಿ ಯಾಕೆ ಬೇಕು? ಎಡಿನ್‌ಬರೋದಲ್ಲಿ ಒಂದು ಚಳಿಗಾಲ ಕಳೆದವರು ಈ ಪ್ರಶ್ನೆ ಕೇಳುವುದಿಲ್ಲ. ಜನವರಿ 25ಕ್ಕೆ ಬರ್ನ್ಸ್ ನೈಟ್, ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ ದಿನದ ಆಚರಣೆ. ಕಿಲ್ಟ್ ಉಟ್ಟು ಊಟಕ್ಕೆ ಹೋಗಬೇಕು, ಬಸ್ಸಿಗೆ ಕಾಯಬೇಕು. ಸೊಂಟಕ್ಕೆ 8 ಗಜದಷ್ಟು ಉಣ್ಣೆ ಸುತ್ತಿರುವುದರಿಂದ ಕೆಳಗಡೆ ನೀವು ಅಂದುಕೊಂಡಷ್ಟು ಚಳಿಯಾಗಲ್ಲ. ಮೊದಲು ಸೋಲುವುದು ಕಿವಿ. ಇನ್ನು ಬೇಸಿಗೆಯಲ್ಲಿ ಆಟೋಟ, ಕುಣಿತ, ಪೈಪ್ ಬ್ಯಾಂಡಿನ ಹಬ್ಬವಾದ ಹೈಲ್ಯಾಂಡ್ ಗೇಮ್ಸ್‌ಗೆ ಹೋದರೆ ದಿನವಿಡೀ ಬಯಲಲ್ಲೇ ಇರಬೇಕು. ಅಲ್ಲಿ ಮಳೆ ಬರದಿದ್ದರೆ ಗಾಳಿ, ಗಾಳಿ ನಿಂತರೆ ಮಳೆ.

ನನ್ನ ಕಿಲ್ಟಿನದು ಐಲ್ ಆಫ್ ಸ್ಕೈ ಅನ್ನುವ ಟಾರ್ಟನ್, ಅಂದರೆ ಬಣ್ಣದ ಚೌಕಳಿ ವಿನ್ಯಾಸ. ಹೆದರ್ ಹೂವಿನ ನೇರಳೆ, ಜೊತೆಗೆ ಹಸಿರು. ಅದು ಯಾವ ಕ್ಲ್ಯಾನಿಗೂ, ಅಂದರೆ ಇಲ್ಲಿನ ಕುಲಕ್ಕೂ, ಸೇರಿದ್ದಲ್ಲ, ಹಾಗಾಗಿ ಹಾಸನದವನಿಗೂ ಸಲ್ಲುತ್ತದೆ. ಅದರ ಜೊತೆಗೆ ನಾಲ್ಕು ಬಗೆಯ ಟೋಪಿ ಹಾಕಿ ಓಡಾಡಿದ್ದೇನೆ. ನನಗೆ ಕನ್ನಡಕ ಇದೆ, ಮುಖ ದುಂಡಗಿದೆ, ಕೂದಲು ಇನ್ನೂ ಸ್ವಲ್ಪ ಉಳಿದಿದೆ. ನನ್ನ ಅಭಿಪ್ರಾಯ ಓದುವಾಗ ಇದು ನೆನಪಿರಲಿ.

ಅಂಗಡಿಯ ಕನ್ನಡಿಯಲ್ಲಿ ಗೆಲ್ಲುವುದು ಗ್ಲೆನ್‌ಗ್ಯಾರಿ. ಗಾಂಧಿ ಟೋಪಿಯ ಹಾಗೆ ಉದ್ದಕ್ಕೆ ಮಡಚುವ ಗಡಸು ಉಣ್ಣೆಯ ಟೋಪಿ. ನೆತ್ತಿಯ ಮೇಲೊಂದು ಉಣ್ಣೆಯ ಕುಚ್ಚು, ಅದಕ್ಕೆ ಇಲ್ಲಿನವರು ಟೂರಿ ಅನ್ನುತ್ತಾರೆ. ಹಿಂದೆ ಎರಡು ಕಪ್ಪು ರಿಬ್ಬನ್ನು ಇಳಿಬಿದ್ದಿರುತ್ತವೆ. 1822ರಲ್ಲಿ ನಾಲ್ಕನೇ ಜಾರ್ಜ್ ದೊರೆ ಎಡಿನ್‌ಬರೋಗೆ ಬಂದಾಗ ಗ್ಲೆನ್‌ಗ್ಯಾರಿಯ ಮುಖಂಡ ಅಲಸ್ಟರ್ ಮೆಕ್‌ಡಾನೆಲ್ ಇದನ್ನು ಮೊದಲು ಹಾಕಿದ ಅನ್ನುವ ಮಾತಿದೆ. ಆಮೇಲೆ ಹೈಲ್ಯಾಂಡ್ ಪಡೆಗಳ ಪೈಪರ್‌ಗಳು ತಲೆಗೇರಿಸಿಕೊಂಡರು. ಈಗ ಪೈಪ್ ಬ್ಯಾಂಡ್ ಅಂದರೆ ಬಹುತೇಕ ಗ್ಲೆನ್‌ಗ್ಯಾರಿಯೇ.

ತೊಂದರೆ ಇರುವುದೂ ಅಲ್ಲೇ. ಇದನ್ನು ಹಾಕಿಕೊಂಡು ಗೇಮ್ಸ್ ಅಂಗಳದಲ್ಲಿ ಚಹಾ ಸಾಲಿನಲ್ಲಿ ನಿಂತರೆ ಯಾರಾದರೂ ಬಂದು "ನಿಮ್ಮ ಬ್ಯಾಂಡ್ ಎಷ್ಟು ಗಂಟೆಗೆ?" ಅಂತ ಕೇಳುತ್ತಾರೆ. ನನಗೆ ಪೀಪಿ ಊದಲೂ ಬರಲ್ಲ. ಬಲಕ್ಕೆ ವಾಲಿಸಿ ಹಾಕಬೇಕಾದ ಟೋಪಿ ಇದು. ಕಿವಿ ಮುಚ್ಚುವುದಿಲ್ಲ, ಮುಂದೆ ಅಂಚಿಲ್ಲದ್ದರಿಂದ ಮಳೆಹನಿ ನೇರ ಕನ್ನಡಕದ ಮೇಲೆ, ಗಾಳಿ ಎದ್ದರೆ ರಿಬ್ಬನ್ನು ಕೊರಳಿಗೆ ಪಟಪಟ. ಒಂದು ಗುಣ ಮಾತ್ರ ಬೇರೆ ಯಾವುದಕ್ಕೂ ಇಲ್ಲ: ಚರ್ಚಿನ ಬಾಗಿಲಲ್ಲಿ ತೆಗೆದು ಚಪ್ಪಟೆ ಮಾಡಿ ಜಾಕೆಟ್ಟಿನ ಒಳಜೇಬಿಗೆ ಇಳಿಸಬಹುದು. ದುಂಡು ಮುಖಕ್ಕೆ ಸ್ವಲ್ಪ ಎತ್ತರ ಕೊಡುತ್ತದೆ ಅನ್ನುವುದೂ ನಿಜ. ಫೋಟೋಗೆ ಬಲು ಚೆಂದ.

ಬಾಲ್ಮೋರಲ್ ಕನ್ನಡಿಯಲ್ಲಿ ಅಷ್ಟೇನೂ ಅನ್ನಿಸುವುದಿಲ್ಲ. ದುಂಡಗಿನ ಟೋಪಿ, ಚಪ್ಪಟೆ ನೆತ್ತಿ, ನಡುವೆ ಟೂರಿ. ಆದರೆ ಇದರ ಬೇರು ಹಳೆಯದು. ಸ್ಕಾಟ್ಲೆಂಡಿನ ರೈತರು, ದನ ಕಾಯುವವರು ಹಾಕುತ್ತಿದ್ದ ನೀಲಿ ಬಾನೆಟ್ಟಿನ ಮರಿ ಇದು. ಉಣ್ಣೆಯಲ್ಲಿ ದೊಡ್ಡದಾಗಿ ಹೆಣೆದು, ನೀರಲ್ಲಿ ಬಡಿದು ಕುಗ್ಗಿಸಿ ಗಟ್ಟಿ ಮಾಡುತ್ತಿದ್ದರು. ಏರ್‌ಶೈರ್ ಕಡೆಯ ಸ್ಟೂವರ್ಟನ್ ಊರಿಗೆ ಈಗಲೂ ಬಾನೆಟ್ ಟೌನ್ ಅಂತಲೇ ಹೆಸರು. 1745ರ ದಂಗೆಯಲ್ಲಿ, ಗದ್ದುಗೆ ಕಳೆದುಕೊಂಡ ಸ್ಟೂವರ್ಟ್ ರಾಜವಂಶದ ಪರ ಎದ್ದ ಜಾಕೊಬೈಟರು ಈ ಬಾನೆಟ್ಟಿಗೆ ಬಿಳಿ ರಿಬ್ಬನ್ನಿನ ಗುಬಟು ಸಿಕ್ಕಿಸಿದರು, ಸರ್ಕಾರದ ಕಡೆಯವರದು ಕಪ್ಪು. ಟೋಪಿ ನೋಡಿ ಶತ್ರು ಯಾರು ಅಂತ ತಿಳಿಯುವ ಕಾಲ. ಆಮೇಲೆ 1852ರಲ್ಲಿ ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟ್ ಬಾಲ್ಮೋರಲ್ ಎಸ್ಟೇಟ್ ಕೊಂಡರು. ರಾಜಮನೆತನಕ್ಕೆ ಹೈಲ್ಯಾಂಡ್ ಉಡುಪಿನ ಹುಚ್ಚು ಹತ್ತಿತು, ರೈತನ ಟೋಪಿಗೆ ಅರಮನೆಯ ಹೆಸರು ಬಂತು.

ಹಾಕುವ ಕ್ರಮ ಸುಲಭ. ಪಟ್ಟಿ ಹುಬ್ಬಿನಿಂದ ಒಂದಿಂಚು ಮೇಲೆ ನೇರವಾಗಿ ಕೂರಬೇಕು, ಮೇಲಿನ ಭಾಗವನ್ನು ಬಲಕ್ಕೆ ಎಳೆಯಬೇಕು, ಬ್ಯಾಡ್ಜು ಎಡಕ್ಕೆ. ಎಡಿನ್‌ಬರೋದ ಗಾಳಿಯಲ್ಲಿ ನಾನು ಇದನ್ನು ಇನ್ನಷ್ಟು ಕೆಳಕ್ಕೆ ಎಳೆದು ಬಲಗಿವಿ ಮುಚ್ಚಿಕೊಳ್ಳುತ್ತೇನೆ. ನೋಡಲು ಅಷ್ಟು ಠೀವಿಯಿಲ್ಲ, ಆದರೆ ಕ್ಯಾಲ್ಟನ್ ಹಿಲ್ ಗುಡ್ಡದ ಮೇಲೂ ಹಾರಲಿಲ್ಲ. ಸಣ್ಣ ಮಳೆಯಾದರೆ ಹನಿ ಉಣ್ಣೆಯ ಮೇಲೇ ನಿಲ್ಲುತ್ತದೆ. ಇದರ ಕಷ್ಟ ಒಂದೇ, ಜೇಬಿಗೆ ಹೋಗಲ್ಲ. ಮದುವೆ ಮುಗಿಯುವವರೆಗೂ ತೊಡೆಯ ಮೇಲೆ ಇಟ್ಟುಕೊಂಡು ಕೂರಬೇಕು.

ಕೊಳ್ಳುವಾಗ ಪಟ್ಟಿ ನೋಡಿ. ಕೆಂಪು ಬಿಳಿ ಚೌಕಳಿ ಇರುವುದೂ ಸಿಗುತ್ತದೆ, ಸಾದಾ ಕಡುನೀಲಿಯೂ ಸಿಗುತ್ತದೆ. ನಾನು ಸಾದಾ ತಗೊಂಡೆ. ಚೌಕಳಿ ಸೇನಾ ಪಡೆಗಳ ಟೋಪಿಯದ್ದು. ಗ್ಲ್ಯಾಸ್ಗೋ ಪೊಲೀಸ್ ಮುಖ್ಯಸ್ಥ ಪರ್ಸಿ ಸಿಲಿಟೋ 1932ರಲ್ಲಿ ಅದೇ ಚೌಕಳಿಯನ್ನು ಕಪ್ಪು ಬಿಳುಪಿನಲ್ಲಿ ಪೊಲೀಸರ ಟೋಪಿಗೆ ತಂದರು, ಅಲ್ಲಿಂದ ಅದು ಊರೂರಿನ ಪೊಲೀಸರಿಗೆ ಹರಡಿತು. ಹಾಗಾಗಿ ಆ ಪಟ್ಟಿ ಕಂಡರೆ ನನಗೆ ಟ್ರಾಫಿಕ್ ದಂಡವೇ ನೆನಪಾಗುತ್ತದೆ.

ಬ್ಯಾಡ್ಜಿನ ವಿಷಯದಲ್ಲಿ ಹುಷಾರು. ಬೆಲ್ಟು ಬಕಲ್ಲು ಸುತ್ತುವರಿದ ಚಿಹ್ನೆ ಆಯಾ ಕ್ಲ್ಯಾನಿನವರಿಗೆ. ನಾನು ಸುಮ್ನೆ ಒಂದು ಥಿಸಲ್ ಹೂವಿನ ಪಿನ್ನು ಹಾಕಿದ್ದೇನೆ. ಚೆಂದ ಕಾಣುತ್ತೆ ಅಂತ ಹದ್ದಿನ ಗರಿಯನ್ನಂತೂ ಸಿಕ್ಕಿಸಬೇಡಿ. ಮೂರು ಗರಿ ಕ್ಲ್ಯಾನಿನ ಮುಖ್ಯಸ್ಥನದು, ಎರಡು ಅದರೊಳಗಿನ ಶಾಖೆಯ ಮುಖಂಡನದು, ಸ್ವಂತ ಲಾಂಛನ ಪಡೆದವರಿಗೆ ಒಂದು. ಗೊತ್ತಿಲ್ಲದೆ ಸಿಕ್ಕಿಸಿದರೆ ಯಾರೂ ಬೈಯಲ್ಲ, ಆದರೆ ಗೊತ್ತಿರುವವರು ನಗುತ್ತಾರೆ.

ಟ್ಯಾಮ್ ಓ ಶ್ಯಾಂಟರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬರ್ನ್ಸ್ ಕವಿತೆಯ ಕುಡುಕ ನಾಯಕನ ಹೆಸರು ಟೋಪಿಗೆ ಅಂಟಿಕೊಂಡಿದೆ. ಬಾಲ್ಮೋರಲ್‌ಗಿಂತ ಅಗಲ, ಮೆತ್ತಗೆ, ನಾಲ್ಕರಲ್ಲಿ ಅತಿ ಬೆಚ್ಚಗೆ. ಎರಡೂ ಕಿವಿ ಮುಚ್ಚುತ್ತದೆ. ಆದರೆ ಟಾರ್ಟನ್ ಕಿಲ್ಟಿನ ಮೇಲೆ ಟಾರ್ಟನ್ ಟ್ಯಾಮ್ ಹಾಕಿದರೆ ಕಣ್ಣಿಗೆ ಗದ್ದಲ. ಮೇಲಾಗಿ ರಾಯಲ್ ಮೈಲ್ ಬೀದಿಯ ಅಂಗಡಿಗಳಲ್ಲಿ ಇದಕ್ಕೇ ಕಿತ್ತಳೆ ಕೂದಲು ಹೊಲಿದು ತಮಾಷೆಗೆ ಮಾರುತ್ತಾರೆ. ರಗ್ಬಿ ಇದ್ದ ದಿನ ಮರೀಫೀಲ್ಡ್ ಕ್ರೀಡಾಂಗಣದ ಸುತ್ತಮುತ್ತ ಅದು ಬೇಕಾದಷ್ಟು ಕಾಣುತ್ತದೆ. ನೀವು ಎಷ್ಟೇ ಗಂಭೀರವಾಗಿ ಹಾಕಿದರೂ ನೋಡುವವರಿಗೆ ಆ ಕಿತ್ತಳೆ ಕೂದಲು ನೆನಪಾಗುತ್ತದೆ. ಸಾದಾ ಬಣ್ಣದ್ದು ಸಿಕ್ಕರೆ ಪರವಾಗಿಲ್ಲ.

ಟ್ವೀಡ್ ಅನ್ನುವ ಒರಟು ಉಣ್ಣೆ ಬಟ್ಟೆಯ ಕ್ಯಾಪು ಕಿಲ್ಟಿಗೆ ಸಲ್ಲದು ಅನ್ನುವವರಿದ್ದಾರೆ. ನಾನು ಒಪ್ಪಲ್ಲ. ಹಗಲಿನ ಟ್ವೀಡ್ ಜಾಕೆಟ್ಟಿನ ಜೊತೆ ಇಷ್ಟು ಸಲೀಸಾಗಿ ಒಗ್ಗುವುದು ಬೇರೆ ಇಲ್ಲ. ಗೇಮ್ಸ್ ಅಂಗಳದಲ್ಲಿ ಹಿರಿಯ ರೈತರನ್ನು ನೋಡಿ, ಕಿಲ್ಟಿನ ಮೇಲೆ ಎಷ್ಟೋ ವರ್ಷ ಹಳೆಯ ಕ್ಯಾಪು. ಯಾರೂ ಬ್ಯಾಂಡ್ ಯಾವುದು ಅಂತ ಕೇಳುವುದಿಲ್ಲ. ಮುಂದೆ ಅಂಚಿರುವುದರಿಂದ ಕನ್ನಡಕ ಒಣಗಿರುತ್ತದೆ, ಕನ್ನಡಕದವರಿಗೆ ಇದಕ್ಕಿಂತ ದೊಡ್ಡ ಸುಖ ಉಂಟಾ? ಹ್ಯಾರಿಸ್ ಟ್ವೀಡ್ ಆದರೆ ಇನ್ನೂ ಒಳ್ಳೆಯದು. ಹೊರ ಹೆಬ್ರಿಡೀಸ್ ದ್ವೀಪದವರು ತಮ್ಮ ಮನೆಯಲ್ಲೇ ನೇಯ್ದ ಬಟ್ಟೆಗೆ ಮಾತ್ರ ಆ ಹೆಸರು, 1993ರಿಂದ ಅದಕ್ಕೆ ಕಾನೂನೇ ಇದೆ. ಜಾಕೆಟ್ಟಿನ ಟ್ವೀಡೂ ಕ್ಯಾಪಿನ ಟ್ವೀಡೂ ಒಂದೇ ಇರಬಾರದು, ಉಳಿದ ಬಟ್ಟೆಯಲ್ಲಿ ಹೊಲಿಸಿದ ಹಾಗೆ ಕಾಣುತ್ತದೆ. ಕಪ್ಪು ಸಂಜೆ ಜಾಕೆಟ್ಟಿಗೆ ಮಾತ್ರ ಇದು ಖಂಡಿತ ಬೇಡ.

ಗ್ಲ್ಯಾಸ್ಗೋದ ಒಂದು ಕನ್ನಡದ ಮದುವೆಯಲ್ಲಿ ಹುಡುಗ ಕಿಲ್ಟ್ ಉಟ್ಟು ಮೈಸೂರು ಪೇಟ ಇಟ್ಟುಕೊಂಡಿದ್ದ. ಇಲ್ಲಿನ ಸಿಖ್ಖರು ಕಿಲ್ಟಿನ ಜೊತೆ ಪಗಡಿ ಕಟ್ಟುವುದು ಹೊಸದೇನಲ್ಲ, ಪೇಟ ನಾನು ನೋಡಿದ್ದು ಅಲ್ಲೇ ಮೊದಲು. ಜರಿಯ ಅಂಚು, ಪ್ಲೀಟು ಪ್ಲೀಟಾದ ಉಣ್ಣೆ, ಎರಡೂ ಒಂದಕ್ಕೊಂದು ಸೋಲಲಿಲ್ಲ. ಕಾರು ಹತ್ತುವಾಗ ಮಾತ್ರ ಅವನ ಮಾವ ಅದನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದರು.

ಈಗ ನನ್ನ ಮನೆಯ ಗೂಟದಲ್ಲಿ ಇರುವುದು ಎರಡೇ. ಮಳೆಗೆ ಟ್ವೀಡ್ ಕ್ಯಾಪು, ಉಳಿದದ್ದಕ್ಕೆಲ್ಲ ಬಾಲ್ಮೋರಲ್. ಗ್ಲೆನ್‌ಗ್ಯಾರಿಯನ್ನು ಡ್ರಮ್ ಕಲಿಯುತ್ತಿರುವ ಪಕ್ಕದ ಮನೆ ಹುಡುಗನಿಗೆ ಕೊಟ್ಟೆ. ಜೋರು ಮಳೆಗೆ ಸಿಕ್ಕಿ ಬಾಲ್ಮೋರಲ್ ನೆನೆದರೆ ಹೀಟರ್ ಮೇಲೆ ಹಾಕಬೇಡಿ, ಕುಗ್ಗುತ್ತದೆ. ಟವೆಲಿನಲ್ಲಿ ಒತ್ತಿ ನೀರು ತೆಗೆದು, ಒಳಗೆ ಒಂದು ಊಟದ ತಟ್ಟೆ ತೂರಿಸಿ ಹಾಗೇ ಬಿಡಿ, ಆಕಾರ ಉಳಿಯುತ್ತದೆ. ಯಾವ ತಟ್ಟೆ ಅಂತ ಮನೆಯವರನ್ನು ಮೊದಲೇ ಕೇಳಿಕೊಳ್ಳಿ.