ಹಳೆಮನೆ ಬಿಚ್ಚಿ ಮರುಕಟ್ಟುವ ಸೇವೆ: ಮರದ ಕೆಲಸ ಚೊಕ್ಕ, ಬುಡದ ಕೆಲಸ ಸಾಲದು

ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣ ಶುರುವಾದಾಗಿನಿಂದ ಕಾರವಾರ, ಅಂಕೋಲಾ, ಕುಮಟಾ ಬದಿಯ ರಸ್ತೆಯಂಚಿನ ಹಳೆಮನೆಗಳು ಜೆಸಿಬಿ ಬಾಯಿಗೆ ಬೀಳುತ್ತಿವೆ. ಹಾಗಾಗದಂತೆ ಮನೆಯನ್ನು ಬಿಚ್ಚಿ ಬೇರೆಡೆ ಕಟ್ಟಿಕೊಡುವ ಶಿರಸಿ ಕಡೆಯ ತಂಡವೊಂದು ಕುಮಟಾ ತಾಲೂಕಿನಲ್ಲಿ ಮುಗಿಸಿದ ಎಂಟು ಕಂಬದ ಜಗಲಿ ಮನೆಯನ್ನು ನೋಡಿ ಬರೆದದ್ದಿದು.

ಜಾಕ್ ಕೊಟ್ಟು ಇಡೀ ಮನೆಯನ್ನೇ ಸರಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಇಟ್ಟಿಗೆ-ಸಿಮೆಂಟಿನ ಮನೆಗೆ ಆದೀತು. ಮಣ್ಣಿನಲ್ಲಿ ಕೂರಿಸಿದ ಚಿರೇಕಲ್ಲಿನ (ಕೆಂಪು ಮುರಕಲ್ಲಿನ) ಗೋಡೆ ಒಂದೇ ತುಂಡಾಗಿ ಮೇಲೇಳುವುದಿಲ್ಲ, ಬಿರುಕು ಬಿಡುತ್ತದೆ. ತಂಡದವರು ಇದನ್ನು ಮೊದಲೇ ಹೇಳುತ್ತಾರೆ.

ಮರದ ಕೆಲಸ ಕಣ್ಣಿಗೊತ್ತಿಕೊಳ್ಳುವಂತಿದೆ. ಮೊದಲು ಅಳತೆ, ನಕ್ಷೆ, ಮೂಲೆಮೂಲೆಯ ಫೋಟೊ. ಆಮೇಲೆ ಬಿಚ್ಚುವುದು ಹಂಚು, ರೀಪು (ಹಂಚು ಕೂರುವ ಪಟ್ಟಿ), ಪಕಾಸಿ (ರೀಪು ಹೊರುವ ಇಳಿಜಾರು ಮರ), ತೊಲೆ, ಕಡೆಗೆ ಕಂಬ. ಯಾವ ತುಂಡು ಎಲ್ಲಿಯದೆಂದು ತಿಳಿಯಲು ಸೀಮೆಸುಣ್ಣದ ಗುರುತು ಹಾಕಿದರೆ ಒಂದು ಮಳೆಗೆ ಅಳಿಸುತ್ತದೆ. ಇವರು ಅಂಕಿಯನ್ನು ಮರಗಳು ಕೂಡುವ ಕಚ್ಚಿನ ಒಳಮುಖದಲ್ಲಿ ಕೊರೆದಿದ್ದಾರೆ, ಜೋಡಿಸಿದ ಮೇಲೆ ಕಾಣುವುದಿಲ್ಲ. ಮರದ ಬೆಣೆಯನ್ನು ಸಪೂರ ತುದಿಯಿಂದ ಹೊಡೆದರೆ ಸಲೀಸಾಗಿ ಬರುತ್ತದೆ, ದಪ್ಪ ತುದಿಗೆ ಹೊಡೆದರೆ ತೊಲೆಯ ಬಾಯಿ ಸೀಳುತ್ತದೆ. ಇಲ್ಲಿ ಒಂದು ಬಾಯಿಯೂ ಸೀಳಿಲ್ಲ. ವರಲೆ (ಗೆದ್ದಲು) ತಿಂದ ಪಕಾಸಿಗಳ ಹಾಳಾದ ತುದಿಯನ್ನಷ್ಟೇ ಕತ್ತರಿಸಿ, ಕಬ್ಬಿಣದ ಮೊಳೆ ಮುಟ್ಟದೆ ಹೊಸ ತುಂಡು ಬೆಸೆದಿದ್ದಾರೆ. ಉಪ್ಪುಗಾಳಿಗೆ ಮೊಳೆ ತುಕ್ಕು ಹಿಡಿದು ಉಬ್ಬಿದರೆ ಮರವೇ ಒಡೆಯುತ್ತದೆ, ಹಾಗಾಗಿ ಇದು ಸರಿಯಾದ ಕ್ರಮ.

ಎಡವಿದ್ದು ಬುಡದಲ್ಲಿ. ಕಂಬದಡಿಯ ಕಲ್ಲುಗಳಿಗೆ ಅಂಕಿಯೇ ಹಾಕಿಲ್ಲ. ಹಳೆಯ ಆಚಾರಿಗಳು ಕಲ್ಲಿನ ಎತ್ತರ ನೋಡಿ ಕಂಬ ಕೊಯ್ಯುತ್ತಿದ್ದರು. ಎರಡು ಕಲ್ಲು ಅದಲುಬದಲಾದರೆ ಲೆಕ್ಕ ತಪ್ಪುತ್ತದೆ. ಜಗಲಿಯ ಮೂರನೇ ಕಂಬದ ಬೋದಿಗೆಗೂ (ಕಂಬದ ತಲೆಯ ಮೇಲಿನ ತುಂಡು) ತೊಲೆಗೂ ನಡುವೆ ಕಿರುಬೆರಳು ತೂರುವಷ್ಟು ಸಂದು ಬಿದ್ದಿದೆ. ಅಲ್ಲಿ ಹಲಗೆ ಚೂರು ತುರುಕಿ ಎಣ್ಣೆ ಬಳಿದಿದ್ದಾರೆ. ಚೂರು ಒಣಗಿ ಕುಗ್ಗಿದ ದಿನ ಆ ಕಂಬದ ಭಾರವೆಲ್ಲ ಪಕ್ಕದವುಗಳ ಮೇಲೆ. ತೊಲೆಗೆ ಜಾಕ್ ಕೊಟ್ಟು ಕಲ್ಲು ಬದಲಿಸುವುದೊಂದೇ ಪರಿಹಾರ, ಅದನ್ನು ಹಂಚು ಏರಿಸುವ ಮೊದಲೇ ಮಾಡಬೇಕಿತ್ತು.

ಚಿರೇಕಲ್ಲನ್ನು ಸಿಮೆಂಟಿನಲ್ಲಿ ಕಟ್ಟಿದ್ದಕ್ಕೂ ಒಪ್ಪಿಗೆಯಿಲ್ಲ. ಮುಂದೆ ಮತ್ತೆ ಬಿಚ್ಚಬೇಕಾದರೆ ಮಣ್ಣು, ಸುಣ್ಣದಲ್ಲಿ ಕಟ್ಟಿದ ಕಲ್ಲು ಇಡಿಯಾಗಿ ಕಳಚುತ್ತದೆ. ಸಿಮೆಂಟಿನದಾದರೆ ಸಂದಿಗಿಂತ ಮೊದಲು ಕಲ್ಲೇ ಒಡೆಯುತ್ತದೆ. ಹಂಚಿನಲ್ಲಿ ದೋಷವಿಲ್ಲ: ಒಡೆದವುಗಳ ಜಾಗಕ್ಕೆ ಹಿಂಬದಿಯ ಕಾರ್ಖಾನೆ ಮುದ್ರೆ ನೋಡಿ ಅದೇ ಹಂಚು ಹುಡುಕಿ ತಂದಿದ್ದಾರೆ. ಬೇರೆ ಕಾರ್ಖಾನೆಯದು ಸರಿಯಾಗಿ ಕಚ್ಚಿಕೊಳ್ಳದೆ ಸೋರುತ್ತದೆ.

ಕೆಲಸ ಒಪ್ಪಿಸುವವರು ಮಳೆಗಾಲ ಕಳೆದೊಡನೆ ಬಿಚ್ಚಿಸಿ, ಜೂನ್‌ಗೆ ಮುಂಚೆ ಚಾವಣಿ ಮುಗಿಯುವಂತೆ ದಿನ ಗೊತ್ತುಮಾಡಿ. ನಾಟಾ (ಕೊಯ್ದ ಮರ) ಲಾರಿಗೆ ಏರುವ ಮುನ್ನ ಅರಣ್ಯ ಇಲಾಖೆಯಲ್ಲಿ ಸಾಗಣೆ ಪಾಸ್ ವಿಚಾರಿಸಿ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಹೀಗೆಯೇ ಬಿಚ್ಚಿ ತಂದು ನಿಲ್ಲಿಸಿದ, ಹಸ್ತಶಿಲ್ಪ ಎಂಬ ಪಾರಂಪರಿಕ ಗ್ರಾಮದ ಮನೆಗಳನ್ನು ಒಮ್ಮೆ ನೋಡಿಬನ್ನಿ. ಕರಾರಿನಲ್ಲಿ ಕಂಬದ ಕಲ್ಲಿಗೂ ಅಂಕಿ, ಗೋಡೆಗೆ ಸುಣ್ಣದ ಗಾರೆ ಎಂದು ಬರೆಸಿ. ಕೊನೆಯ ಕಂತಿನ ದಿನ ಪ್ರತಿ ಬೋದಿಗೆಯ ಸಂದಿಗೆ ದಪ್ಪ ಕಾಗದ ತೂರಿಸಿ ನೋಡಿ. ಒಳಗೆ ಹೋದರೆ ಹಣ ತಡೆಹಿಡಿಯಿರಿ.