ರೀಫಂಡ್ ಎಷ್ಟು ಬರುತ್ತದೆ? ಮೂರು ದಾರಿಯಲ್ಲಿ ಲೆಕ್ಕ ಹಾಕಿ ನೋಡಿದೆ

ಬೇಸಿಗೆಯಲ್ಲಿ ಮೈಸೂರಿಗೆ ಹೋಗುವ ಟಿಕೆಟ್ ದುಡ್ಡನ್ನು ನಾವು ಪ್ರತಿವರ್ಷ ತೆರಿಗೆಯ ರೀಫಂಡಿನಿಂದಲೇ ಹೊಂದಿಸುತ್ತೇವೆ. ಹಾಗಾಗಿ ಅಂದಾಜು ತಪ್ಪಿದರೆ ನಮಗೆ ನಿಜವಾಗಿ ಪೆಟ್ಟು ಬೀಳುತ್ತದೆ. ನಾವಿರುವುದು ಕ್ಯಾಲಿಫೋರ್ನಿಯಾದಲ್ಲಿ, ಒಬ್ಬರ ಸಂಬಳ, ಒಂದು ಮಗು. 2024ರ ಲೆಕ್ಕವನ್ನು ಮೂರು ಬಗೆಯಲ್ಲಿ ಹಾಕಿದೆ.

ಮೊದಲನೆಯದು ಅಮೆರಿಕದ ಕೇಂದ್ರ (ಫೆಡರಲ್) ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ವಿತ್‌ಹೋಲ್ಡಿಂಗ್ ಎಸ್ಟಿಮೇಟರ್, ಸಂಬಳದಲ್ಲಿ ಎಷ್ಟು ತೆರಿಗೆ ಕಡಿತವಾಗಬೇಕೆಂದು ಅಂದಾಜಿಸುವ ಆನ್‌ಲೈನ್ ಕ್ಯಾಲ್ಕುಲೇಟರ್. ಹೆಸರು, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಯಾವುದನ್ನೂ ಕೇಳುವುದಿಲ್ಲ. ಡಿಸೆಂಬರಿನ ಪೇ ಸ್ಲಿಪ್ ಪಕ್ಕದಲ್ಲಿಟ್ಟುಕೊಂಡು ತುಂಬಿದೆ. ಫೆಡರಲ್ ರೀಫಂಡ್ 1,642 ಡಾಲರ್ ಎಂದಿತು. ರಾಜ್ಯದ ತೆರಿಗೆಯ ಸುದ್ದಿಗೇ ಅದು ಹೋಗುವುದಿಲ್ಲ.

ಎರಡನೆಯದು ಒಂದು ಖಾಸಗಿ ಕಂಪನಿಯ ಉಚಿತ ಕ್ಯಾಲ್ಕುಲೇಟರ್. ಐದೇ ನಿಮಿಷದಲ್ಲಿ ಎರಡೂ ಉತ್ತರ ಸಿಕ್ಕವು: ಫೆಡರಲ್ 1,818, ರಾಜ್ಯ 825. ನೋಡಿ ಖುಷಿಯಾಯಿತು, ಆದರೆ ಯಾಕೋ ನಂಬಿಕೆ ಬರಲಿಲ್ಲ.

ಜನವರಿಯಲ್ಲಿ ಡಬ್ಲ್ಯೂ-2, ಅಂದರೆ ವರ್ಷದ ಸಂಬಳ ಮತ್ತು ಕಡಿತವಾದ ತೆರಿಗೆ ತೋರಿಸುವ ಕಂಪನಿಯ ಪತ್ರ, ಬಂದ ಮೇಲೆ ಕಾಗದ, ಪೆನ್ನು ಹಿಡಿದು ನಾನೇ ಕುಳಿತೆ. ಫೆಡರಲ್ ತೆರಿಗೆಗೆ ಲೆಕ್ಕವಾಗುವ ಸಂಬಳದ 1ನೇ ಬಾಕ್ಸಿನಲ್ಲಿ 1,30,000. ರಾಜ್ಯದ ಸಂಬಳ ತೋರಿಸುವ 16ನೇ ಬಾಕ್ಸಿನಲ್ಲಿ 1,34,000. ಒಂದೇ ಸಂಬಳಕ್ಕೆ ಎರಡು ಮೊತ್ತ! ನಡುವಿನ 4,000 ಡಾಲರ್ ನಾವು ಎಚ್‌ಎಸ್‌ಎ ಖಾತೆಗೆ, ಅಂದರೆ ವೈದ್ಯಕೀಯ ಖರ್ಚಿಗಾಗಿ ಉಳಿಸುವ ಖಾತೆಗೆ, ಹಾಕಿದ್ದು. ಫೆಡರಲ್ ಸರ್ಕಾರ ಅದಕ್ಕೆ ವಿನಾಯಿತಿ ಕೊಡುತ್ತದೆ, ಕ್ಯಾಲಿಫೋರ್ನಿಯಾ ಕೊಡುವುದಿಲ್ಲ. ಆ ಕ್ಯಾಲ್ಕುಲೇಟರ್ ಒಂದೇ ಸಂಬಳ ಕೇಳಿ ಎರಡೂ ಕಡೆ ಅದನ್ನೇ ಬಳಸಿತ್ತು. ನಮ್ಮ ಆದಾಯಕ್ಕೆ ರಾಜ್ಯದ ಕೊನೆಯ ದರ, ಅಂದರೆ ಆದಾಯದ ಮೇಲ್ತುದಿಯ ಭಾಗಕ್ಕೆ ಬೀಳುವ ದರ, ಶೇ. 8, ಅಲ್ಲೇ ರೀಫಂಡ್ 320 ಡಾಲರ್ ಜಾಸ್ತಿ ತೋರಿಸಿದಂತಾಯಿತು.

ಇನ್ನೊಂದು, ಎನ್‌ಆರ್‌ಇ ಠೇವಣಿಯ (ಅನಿವಾಸಿ ಭಾರತೀಯರು ಹೊರಗಿನ ಗಳಿಕೆಯನ್ನು ಭಾರತದ ಬ್ಯಾಂಕಿನಲ್ಲಿಡುವ ಠೇವಣಿ) ಬಡ್ಡಿ. ಭಾರತದಲ್ಲಿ ಅದಕ್ಕೆ ತೆರಿಗೆಯಿಲ್ಲ ಎಂಬ ಕಾರಣಕ್ಕೇ ನಮ್ಮವರು ಅದನ್ನು ಮರೆತುಬಿಡುತ್ತಾರೆ. ಅಮೆರಿಕದ ನಿವಾಸಿಗೆ ಅದು ಇಲ್ಲಿ ತೆರಿಗೆ ಬೀಳುವ ಆದಾಯವೇ, ಕ್ಯಾಲಿಫೋರ್ನಿಯಾವೂ ಬಿಡುವುದಿಲ್ಲ. ನಮ್ಮ 800 ಡಾಲರ್ ಬಡ್ಡಿಯನ್ನು ಎಸ್ಟಿಮೇಟರ್‌ನಲ್ಲಿ ಇತರ ಆದಾಯವೆಂದು ತೋರಿಸಿದ್ದೆ. ಖಾಸಗಿ ಕ್ಯಾಲ್ಕುಲೇಟರಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಫೆಡರಲ್‌ಗೆ ಆದಾಯದಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ (ತೆರಿಗೆ ಬೀಳದ ನಿಗದಿತ ಮೊತ್ತ) 29,200 ಕಳೆದು, ತೆರಿಗೆಯಲ್ಲಿ ಮಗುವಿನ 2,000 ಕ್ರೆಡಿಟ್ (ತೆರಿಗೆಯಲ್ಲೇ ನೇರ ಕಡಿತ) ಇಳಿಸಿದಾಗ ನನಗೂ 1,642 ಬಂತು. ರಾಜ್ಯದ್ದು ಬೇರೆಯೇ ಲೋಕ: ಡಿಡಕ್ಷನ್ ಬರೀ 11,080, ನಮ್ಮಿಬ್ಬರಿಗೆ 298, ಮಗುವಿಗೆ 461 ಕ್ರೆಡಿಟ್. ಸಂಬಳದಲ್ಲಿ ಮೊದಲೇ ಕಡಿತವಾದ ರಾಜ್ಯದ ತೆರಿಗೆ ತೋರಿಸುವ 17ನೇ ಬಾಕ್ಸಿನ 4,500ರಲ್ಲಿ ಕಟ್ಟಬೇಕಾದ ತೆರಿಗೆ ಕಳೆದರೆ ಉಳಿದದ್ದು 441. ರಿಟರ್ನ್ ಸಲ್ಲಿಸಿದ ಮೇಲೆ ಖಾತೆಗೆ ಬಂದದ್ದೂ ಅಷ್ಟೇ.

ವರ್ಷದ ನಡುವೆ ಡಬ್ಲ್ಯೂ-4 (ಸಂಬಳದಲ್ಲಿ ಎಷ್ಟು ತೆರಿಗೆ ಹಿಡಿಯಬೇಕೆಂದು ಕಂಪನಿಗೆ ಕೊಡುವ ಫಾರ್ಮ್) ತಿದ್ದುವುದಕ್ಕೆ ಐಆರ್‌ಎಸ್‌ನದೇ ಸಾಕು. ರಾಜ್ಯದ ರೀಫಂಡಿಗೆ ಮಾತ್ರ ಇನ್ನು ಕಾಗದವನ್ನೇ ನಂಬುತ್ತೇನೆ. ನ್ಯೂಜೆರ್ಸಿಯಲ್ಲಿರುವ ತಂಗಿಗೂ ಫೋನ್ ಮಾಡಿ, 1 ಮತ್ತು 16ನೇ ಬಾಕ್ಸ್ ಪಕ್ಕಪಕ್ಕ ಇಟ್ಟು ನೋಡು ಎಂದೆ. ಎಚ್‌ಎಸ್‌ಎಗೆ ಅಲ್ಲಿಯೂ ರಾಜ್ಯದ ವಿನಾಯಿತಿಯಿಲ್ಲ.