ಫೋರ್ಟ್ ವರ್ತ್, ಹ್ಯೂಸ್ಟನ್, ಕೋಡಿ: ರೋಡಿಯೋ ನೋಡೋಕೆ ಎಲ್ಲಿಗೆ ಹೋಗ್ಬೇಕು?

ನಾನು ಡಲ್ಲಾಸ್‌ಗೆ ಬಂದ ಮೇಲೆ ಊರಿಂದ ಯಾರೇ ಬರ್ಲಿ, ಆ ದೊಡ್ಡ ಟೋಪಿ ಹಾಕ್ಕೊಂಡು ಕುದುರೆ ಹತ್ತೋರು ಈಗ್ಲೂ ಇದಾರಾ ಅಂತ ಕೇಳೇ ಕೇಳ್ತಾರೆ. ಇದಾರೆ. ಆದ್ರೆ ಎಲ್ಲಿ ನೋಡಿದ್ರಿ ಅನ್ನೋದರ ಮೇಲೆ ನಿಮಗೆ ಸಿಗೋದು ಬೇರೆ ಬೇರೆ. ರೋಡಿಯೋ ಅಂದ್ರೆ ಅವರ ಪಂದ್ಯ, ಕುಣಿಯೋ ಹೋರಿ ಮೇಲೆ ಕೂರೋದು, ಓಡೋ ಕರುಗೆ ಹಗ್ಗ ಹಾಕೋದು ಇಂಥವು. ಅದನ್ನ ನೋಡೋಕೆ ಮೂರು ಕಡೆ ಹೋಗಿದೀನಿ, ಎರಡು ಕಡೆ ಅಪ್ಪನ ಜೊತೆ. ಅಪ್ಪ ಜಮಖಂಡಿ ಕಡೆ ಹೊಲ ಮಾಡ್ದೋರು, ಜೀವನ ಪೂರ್ತಿ ಎತ್ತು ಕಟ್ಟಿದೋರು, ಹಾಗಾಗಿ ಅವರು ಏನು ನೋಡಿದ್ರು ಅನ್ನೋದೂ ನನ್ನ ಲೆಕ್ಕದಲ್ಲಿ ಬರತ್ತೆ.

ಮೊದಲು ಫೋರ್ಟ್ ವರ್ತ್ ಸ್ಟಾಕ್‌ಯಾರ್ಡ್ಸ್, ಅಂದ್ರೆ ಹಳೇ ದನದ ಸಂತೆ ಜಾಗ, ನಮಗೆ ಹತ್ತಿರ. ದಿನಾ ಎರಡು ಸಲ, ಬೆಳಗ್ಗೆ 11.30ಕ್ಕೆ ಮತ್ತೆ ಸಂಜೆ 4ಕ್ಕೆ, ಇಟ್ಟಿಗೆ ಹಾಸಿದ ಬೀದಿಯಲ್ಲಿ ಲಾಂಗ್‌ಹಾರ್ನ್ ದನಗಳನ್ನ ಹೊಡ್ಕೊಂಡು ಹೋಗ್ತಾರೆ, ದುಡ್ಡು ಕೊಡ್ಬೇಕಾಗಿಲ್ಲ. ಕೊಂಬು ಈ ತುದಿಯಿಂದ ಆ ತುದಿಗೆ ಆರಡಿ ದಾಟತ್ತೆ. ಆದ್ರೆ ಕೆಲವೇ ನಿಮಿಷದಲ್ಲಿ ಮುಗಿದುಹೋಗತ್ತೆ, ಜನ ಫೋನ್ ಎತ್ತಿ ಇಳಿಸೋಷ್ಟರಲ್ಲಿ ದನ ಮುಂದೆ ಹೋಗಿರತ್ತೆ. ಶುಕ್ರವಾರ ಶನಿವಾರ ರಾತ್ರಿ 1908ರಲ್ಲಿ ಕಟ್ಟಿದ ಕೌಟೌನ್ ಕೊಲಿಸಿಯಂ ಒಳಗೆ ರೋಡಿಯೋ ಇರತ್ತೆ. ನನಗೆ ಇಲ್ಲಿ ರೋಡಿಯೋಗಿಂತ ಹಿಡಿಸಿದ್ದು ಇತಿಹಾಸ. ದಕ್ಷಿಣ ಟೆಕ್ಸಾಸ್‌ನಿಂದ ಉತ್ತರಕ್ಕೆ ಕಾನ್ಸಾಸ್ ರೈಲ್ವೆವರೆಗೆ ತಿಂಗಳುಗಟ್ಟಲೆ ದನ ನಡೆಸ್ಕೊಂಡು ಹೋಗ್ತಿದ್ದ ಚಿಸಮ್ ಟ್ರೇಲ್ ಈ ಊರಿನ ಮೇಲೇನೇ ಹಾದುಹೋಗ್ತಿತ್ತು, 1876ರಲ್ಲಿ ರೈಲು ಇಲ್ಲಿಗೇ ಬಂತು, ಊರಿಗೆ ಕೌಟೌನ್, ಅಂದ್ರೆ ದನದೂರು, ಅನ್ನೋ ಹೆಸರು ನಿಂತಿದ್ದು ಈ ದನದ ವ್ಯಾಪಾರದಿಂದ. ಬಿಲ್ ಪಿಕೆಟ್ ಪ್ರತಿಮೆ ಇಲ್ಲೇ ಇದೆ, ದಯವಿಟ್ಟು ಅದರ ಮುಂದೆ ಒಂದು ನಿಮಿಷ ನಿಲ್ಲಿ. ಕಪ್ಪು ಜನಾಂಗದ ಕೌಬಾಯ್, ಓಡೋ ಕುದುರೆಯಿಂದ ಹಾರಿ ಹೋರಿ ಕೊಂಬು ಹಿಡಿದು ಕೆಡವೋ ಆಟ ಶುರುಮಾಡಿದೋರು ಅಂತ ಅವರನ್ನೇ ಹೇಳ್ತಾರೆ. ನಾವು ಚಿಕ್ಕಂದಿನಿಂದ ನೋಡಿದ ಚಿತ್ರಗಳಲ್ಲಿ ಕೌಬಾಯ್ ಅಂದ್ರೆ ಬಿಳಿಯನೇ, ಆದ್ರೆ ಈ ಕೆಲಸ ಕಲಿಸಿದೋರು ಮೆಕ್ಸಿಕೋದ ವಾಕೇರೋಗಳು, ಅಂದ್ರೆ ಅಲ್ಲಿ ಕುದುರೆ ಮೇಲೆ ದನ ಕಾಯೋರು, ರೋಡಿಯೋ ಅನ್ನೋ ಪದಾನೂ ಸ್ಪ್ಯಾನಿಷ್ಷೇ, ದನಗಳನ್ನ ಸುತ್ತುವರಿದು ಒಂದು ಕಡೆ ಸೇರಿಸೋದು ಅಂತ ಅರ್ಥ.

ಹ್ಯೂಸ್ಟನ್ ರೋಡಿಯೋ ಮಾರ್ಚ್‌ನಲ್ಲಿ, ಸುಮಾರು ಮೂರು ವಾರ. ಎನ್‌ಆರ್‌ಜಿ ಸ್ಟೇಡಿಯಂನಲ್ಲಿ ಎಪ್ಪತ್ತು ಸಾವಿರ ಜನ ಹಿಡೀತಾರೆ, ರೋಡಿಯೋ ಮುಗಿದ ಮೇಲೆ ದೊಡ್ಡ ಗಾಯಕರ ಕಾರ್ಯಕ್ರಮ. ನಮಗೆ ಸಿಕ್ಕ ಸೀಟು ಎಷ್ಟು ಮೇಲಿತ್ತು ಅಂದ್ರೆ ಹೋರಿ ಮೇಲಿರೋ ಮನುಷ್ಯನನ್ನ ದೊಡ್ಡ ಪರದೆ ಮೇಲೇ ನೋಡ್ಬೇಕಾಯ್ತು, ಅದಕ್ಕೆ ಮನೇಲಿ ಟಿವಿ ನೋಡಿದ್ರೆ ಸಾಕಿತ್ತು ಅನ್ನಿಸ್ತು. ಪಾರ್ಕಿಂಗ್, ಟಿಕೆಟ್, ಊಟ ಎಲ್ಲ ಸೇರಿ ಖರ್ಚೂ ಮೂರರಲ್ಲಿ ಜಾಸ್ತಿ ಇದೇ.

ಆದ್ರೂ ಹ್ಯೂಸ್ಟನ್ ಬೇಡ ಅಂತ ನಾನು ಹೇಳಲ್ಲ, ಯಾಕಂದ್ರೆ ಪಕ್ಕದಲ್ಲಿರೋ ಜಾನುವಾರು ಪ್ರದರ್ಶನ. ಅಪ್ಪ ಅಲ್ಲಿ ಒಂದು ಬ್ರಾಹ್ಮನ್ ತಳಿ ಹೋರಿ ಮುಂದೆ ನಿಂತುಬಿಟ್ರು. ಬೂದು ಬಣ್ಣ, ಎತ್ತರದ ಡುಬ್ಬ, ಜೋತಾಡೋ ಗಂಗೆದೊಗಲು. "ತಮ್ಮಾ, ಇದು ನಮ್ಮ ಹೊಳಿದಂಡಿ ಹೋರಿ ಇದ್ದಂಗ ಐತಲ್ಲೋ" ಅಂದ್ರು. ನಾನು ಏನೋ ಹೋಲಿಕೆ ಇರ್ಬೇಕು ಅಂದ್ಕೊಂಡೆ, ರಾತ್ರಿ ಓದಿ ನೋಡಿದ್ರೆ ಅಪ್ಪ ಹೇಳಿದ್ದು ಸರಿ. ಅಮೆರಿಕದ ಬ್ರಾಹ್ಮನ್ ತಳಿ ಮಾಡಿದ್ದೇ ಭಾರತದ ದನಗಳಿಂದ, ಕಾಂಕ್ರೇಜ್, ಗೀರ್, ಓಂಗೋಲ್ ಜೊತೆ ನಮ್ಮ ಕೃಷ್ಣಾ ಕಣಿವೆ ತಳಿನೂ ಅದರಲ್ಲಿ ಸೇರಿದೆ. ಸೆಕೆ, ಉಣ್ಣೆ ಹುಳದ ಕಾಟ ತಡ್ಕೊಳೋ ದನ ಬೇಕಿತ್ತು ಅವರಿಗೆ. ರೋಡಿಯೋದಲ್ಲಿ ಜನರನ್ನ ಎತ್ತಿ ಒಗೆಯೋ ಎಷ್ಟೋ ಹೋರಿಗಳಲ್ಲಿ ಬ್ರಾಹ್ಮನ್ ರಕ್ತ ಇದೆ. ಅಪ್ಪಗೆ ಇದು ಹೇಳಿದಾಗ ಅವರ ಮುಖ ನೋಡ್ಬೇಕಿತ್ತು.

ಈಗ ಕೋಡಿ. ವಯೋಮಿಂಗ್ ರಾಜ್ಯದ ಸಣ್ಣ ಊರು, ಕೌಬಾಯ್ ಪ್ರದರ್ಶನ ಮಾಡಿ ಬಫಲೋ ಬಿಲ್ ಅಂತ ಹೆಸರಾದ ವಿಲಿಯಂ ಕೋಡಿ 1896ರಲ್ಲಿ ನಿಲ್ಲಿಸಿದ್ದು. ಜೂನ್‌ನಿಂದ ಆಗಸ್ಟ್ ಕೊನೆತನಕ ಪ್ರತಿ ರಾತ್ರಿ ರೋಡಿಯೋ, 1938ರಿಂದ ಶುರು. ನಾವು ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗೋ ದಾರೀಲಿ ಇಳ್ಕೊಂಡಿದ್ವಿ ಅಷ್ಟೇ, ಆದ್ರೆ ನನಗೆ ರೋಡಿಯೋ ಅರ್ಥ ಆಗಿದ್ದು ಇಲ್ಲೇ. ಹೋರಿ ಬಿಡೋ ಗೇಟಿನ ಮೇಲೇನೇ ಸೀಟು. ಸವಾರ ಕೈಗವಸಿನ ಮೇಲೆ ಹಗ್ಗ ಸುತ್ತಿ ಸುತ್ತಿ ಗುದ್ದಿ ಬಿಗಿ ಮಾಡ್ಕೊಳೋದು, ಹೋರಿ ಬುಸುಗುಟ್ಟೋದು, ತಗಡಿಗೆ ಒದೆಯೋ ಸದ್ದು, ಆಮೇಲೆ ಅವನು ತಲೆ ಆಡಿಸಿದ ತಕ್ಷಣ ಗೇಟು ತೆರೆಯತ್ತೆ. ಎಂಟು ಸೆಕೆಂಡ್ ಒಂದೇ ಕೈಯಲ್ಲಿ ಹಿಡಿದು ಕೂರ್ಬೇಕು, ಇನ್ನೊಂದು ಕೈ ಹೋರಿಗೆ ತಾಗಿದ್ರೂ ಅಂಕ ಇಲ್ಲ. 100 ಅಂಕದಲ್ಲಿ ಅರ್ಧ ಸವಾರನಿಗೆ, ಅರ್ಧ ಹೋರಿಗೆ! ಹೋರಿ ಎಷ್ಟು ಚೆನ್ನಾಗಿ ಕುಣೀತು ಅಂತಾನೂ ಲೆಕ್ಕ ಇಡ್ತಾರೆ ಅನ್ನೋದು ಅಪ್ಪಗೆ ತುಂಬಾ ಹಿಡಿಸ್ತು.

ಹಿಡಿಸದೇ ಇದ್ದದ್ದು ಕರು ಹಗ್ಗ ಹಾಕೋ ಆಟ. ಓಡೋ ಕರು ಕುತ್ತಿಗೆಗೆ ಕುಣಿಕೆ ಬಿದ್ದು ಜಗ್ಗಿದಾಗ ಅಪ್ಪ ತಲೆ ಬಗ್ಗಿಸಿದ್ರು, ನನಗೂ ನೋಡೋಕಾಗ್ಲಿಲ್ಲ. ಬಯಲಲ್ಲಿ ಕರುಗೆ ಔಷಧಿ ಹಾಕೋಕೆ, ಮುದ್ರೆ ಒತ್ತೋಕೆ ಹಿಡೀತಿದ್ದ ಕೆಲಸ ಅದು, ಆ ಕಾರಣ ಗೊತ್ತಿದೆ, ಆದ್ರೆ ಗಡಿಯಾರ ಇಟ್ಟು ಮಾಡೋದು ಬೇರೆ. ಮೂರೂ ಕಡೆ ಇದು ಇದ್ದೇ ಇರತ್ತೆ, ಮಕ್ಕಳನ್ನ ಕರ್ಕೊಂಡು ಹೋಗೋರು ಮೊದಲೇ ಯೋಚಿಸಿ.

ಕೋಡಿಗೆ ಹೋದ್ರೆ ಬಫಲೋ ಬಿಲ್ ಸೆಂಟರ್‌ಗೆ ಒಂದಿಡೀ ಹಗಲು ಇಟ್ಕೊಳಿ, ಒಂದೇ ಸೂರಿನಡಿ ಐದು ಮ್ಯೂಸಿಯಂ. ಬಯಲುಸೀಮೆಯ ಮೂಲನಿವಾಸಿಗಳದ್ದೂ ಒಂದು ಅದರಲ್ಲಿದೆ, ದನ ಬರೋ ಮುಂಚೆ ಆ ನೆಲ ಯಾರದ್ದಾಗಿತ್ತು ಅಂತ ತಿಳ್ಕೊಳೋಕೆ ಅದನ್ನೇ ಮೊದಲು ನೋಡಿ.

ಒಂದೇ ದಿನ ಇದ್ರೆ ಫೋರ್ಟ್ ವರ್ತ್, ಶನಿವಾರ ಹೋಗಿ. ದನ ಸಾಕಿದ ಹಿರಿಯರು ಮಾರ್ಚ್‌ನಲ್ಲಿ ಬಂದಿದ್ರೆ ಹ್ಯೂಸ್ಟನ್, ಬೆಳಗ್ಗೆನೇ ಹೋಗಿ ದನಗಳ ಹತ್ರ ಸಮಯ ಕೊಡಿ. ರೋಡಿಯೋನೇ ನೋಡ್ಬೇಕು ಅಂದ್ರೆ ಕೋಡಿ, ಜುಲೈನಲ್ಲೂ ರಾತ್ರಿ ಚಳಿ ಇರತ್ತೆ, ಅಪ್ಪ ಅಮ್ಮಗೆ ಸ್ವೆಟರ್ ಮರೀಬೇಡಿ.